ಆ ದಿಬ್ಬದ ಕೆಳಗಿನ ಮನೆಗಳು

ಪ್ರಿಯ ಹರೀಶ,

ನಿನ್ನೆ ಪೂರ್ವ ಲಂಡನ್ನಿನ ಆರ್ನಲ್ಡ್ ಸರ್ಕಸ್‌ಗೆ ಹೋಗಿದ್ದೆ. ಇಲ್ಲಿ ಸರ್ಕಸ್ ಅಂದರೆ ರಸ್ತೆಗಳು ಕೂಡುವ ವೃತ್ತ. ನಡುವೆ ಒಂದು ದಿಬ್ಬ, ಮರಗಳು, ಮೇಲೊಂದು ಬ್ಯಾಂಡ್ ಮಂಟಪ. ಸುತ್ತಲೂ ಕೆಂಪು ಇಟ್ಟಿಗೆಯ ಚೆಂದದ ಕಟ್ಟಡಗಳು. ಮೆಟ್ಟಿಲ ಮೇಲೆ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಆ ದಿಬ್ಬ ಎದ್ದಿದ್ದು ಕೆಡವಿದ ಮನೆಗಳ ಅವಶೇಷದಿಂದ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಲ್ಲಿ ಓಲ್ಡ್ ನಿಕಲ್ ಎಂಬ ಕೊಳೆಗೇರಿ ಇತ್ತು. ಅಲ್ಲಿದ್ದವರು 5,700ಕ್ಕೂ ಜಾಸ್ತಿ ಜನ. ಎಷ್ಟೋ ಸಂಸಾರಗಳಿಗೆ ಇದ್ದದ್ದು ಒಂದೇ ಕೋಣೆ. ಅಡುಗೆ, ನಿದ್ದೆ, ಹೆರಿಗೆ, ಕಾಯಿಲೆ ಎಲ್ಲ ಅದರಲ್ಲೇ. ಕೆಲವು ಮನೆಗಳ ಒಡೆಯರು ಅಲ್ಲಿನ ಸ್ಥಳೀಯ ಆಡಳಿತದಲ್ಲೇ ಕೂತಿದ್ದರು. ರಿಪೇರಿ ಮಾಡಿಸಿ ಎಂದು ಗದರಬೇಕಾದವರೇ ಬಾಡಿಗೆ ಎಣಿಸುತ್ತಿದ್ದರು. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ನಿನಗೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ಅಲ್ಲಿನ ಹೆಂಗಸರು, ಮಕ್ಕಳು ಮನೆಯಲ್ಲೇ ಕೂತು ಬೆಂಕಿಪೊಟ್ಟಣ ಮಾಡುತ್ತಿದ್ದರು. 144 ಪೊಟ್ಟಣಕ್ಕೆ ಸುಮಾರು ಎರಡೂಕಾಲು ಪೆನ್ನಿ. ಅಂಟಿನ ಖರ್ಚು ಅವರದ್ದೇ. ಬಾಡಿಗೆ ವಾರಕ್ಕೆ ಎರಡು ಶಿಲಿಂಗ್ ಅಂತಿಟ್ಟುಕೋ, ಅಂದರೆ 24 ಪೆನ್ನಿ. ತಲೆ ಮೇಲೊಂದು ಸೂರಿಗೇ ಒಂದೂವರೆ ಸಾವಿರ ಪೊಟ್ಟಣ ಅಂಟಿಸಬೇಕು! ಅನ್ನದ ಮಾತು ಆಮೇಲೆ. ಲೆಕ್ಕ ಹಾಕುತ್ತಿದ್ದಾಗ ನಿಮ್ಮಮ್ಮ ಕಣ್ಣಮುಂದೆ ಬಂದರು. ಮಡಿಲಲ್ಲಿ ಬೀಡಿ ಕಟ್ಟುವ ಮೊರ, ಪಕ್ಕದಲ್ಲಿ ಎಲೆ, ನೂಲು. ನಾವಿಬ್ಬರೂ ಶಾಲೆಯಿಂದ ಬಂದವರೇ ಬೀಡಿ ಕಟ್ಟು ಹೊತ್ತು ಕಂಪನಿಯ ಬ್ರಾಂಚಿಗೆ ಓಡುತ್ತಿದ್ದೆವು, ಅಲ್ವಾ? ಚೆನ್ನಾಗಿಲ್ಲ ಅಂತ ಅಲ್ಲಿ ಒಂದಷ್ಟು ಬೀಡಿ ತೆಗೆದು ಬಿಸಾಡುವಾಗ ಅಮ್ಮನ ಮುಖ ನೆನಪಾಗಿ ನಿನಗೆ ಅಳು ಬರುತ್ತಿತ್ತು.

1890ರ ದಶಕದಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಎಂಬ ನಗರಾಡಳಿತ ಇಡೀ ಕೇರಿಯನ್ನು ಕೆಡವಿ ಹೊಸ ಮನೆ ಕಟ್ಟಿಸಿತು. ಹೊಸ ಮನೆಗಳಲ್ಲಿ ಗಾಳಿ ಬೆಳಕು ಚೆನ್ನಾಗಿತ್ತು. 1900ರಲ್ಲಿ ರಾಜಕುಮಾರನೇ ಬಂದು ಉದ್ಘಾಟನೆ ಮಾಡಿದ. ಆದರೆ ಬಾಡಿಗೆ ಹಳಬರ ಕೈಗೆಟುಕಲಿಲ್ಲ. ಗುಮಾಸ್ತರು, ಪೊಲೀಸರಂಥ ಖಾಯಂ ಸಂಬಳದವರು ಬಂದರು. ಕೇರಿಯ ಅಷ್ಟೂ ಜನರಲ್ಲಿ ಹೊಸ ಮನೆ ಸೇರಿದವರು ಬರೀ 11 ಮಂದಿ. ಮಿಕ್ಕವರು ಅಕ್ಕಪಕ್ಕದ ಕೇರಿಗಳಲ್ಲಿ, ಮೊದಲೇ ತುಂಬಿದ್ದ ಕೋಣೆಗಳಲ್ಲಿ ಜಾಗ ಹುಡುಕಿಕೊಂಡರು.

ದಿಬ್ಬ ಇಳಿಯುವಾಗ ಕಾಲು ಭಾರವಾಗಿತ್ತು ಕಣೋ.

ಅಮ್ಮನನ್ನು ಕೇಳಿ ಬರಿ, ಆಗ ಸಾವಿರ ಬೀಡಿಗೆ ಎಷ್ಟು ಕೊಡುತ್ತಿದ್ದರು ಅಂತ.

ನಿನ್ನ,
ಸತೀಶ