ಹಿತ್ತಲ ಬಾರ್ಬೆಕ್ಯೂ ಒಲೆಗೆ ಯಾವ ಮರದ ಇದ್ದಿಲು?

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿಯುವ ಮೊದಲು ಸೌದೆ, ಅಕ್ಕಿ, ಒಣಮೆಣಸಿನಕಾಯಿಗಳನ್ನು ಕೂಡಿಟ್ಟುಕೊಳ್ಳುವುದು ಮಲೆನಾಡಿನ ಮನೆಗಳಿಗೆ ಹೊಸದಲ್ಲ. ಈಚಿನ ವರ್ಷಗಳಲ್ಲಿ ಆ ಸಾಲಿಗೆ ಇದ್ದಿಲಿನ ಮೂಟೆಯೂ ಸೇರಿಕೊಂಡಿದೆ. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಸುತ್ತಮುತ್ತಲ ಹೋಂಸ್ಟೇಗಳಲ್ಲಿ ಸಂಜೆಯಾದರೆ ಬಾರ್ಬೆಕ್ಯೂ ಒಲೆ ಹೊತ್ತಿಸುವುದು ವಾಡಿಕೆಯಾಗಿದೆ. ಬೆಂಗಳೂರು, ಮೈಸೂರುಗಳಲ್ಲಿ ಹಿತ್ತಲೋ ತಾರಸಿಯೋ ಇರುವ ಮನೆಯವರು ಮುಚ್ಚಳದ ಒಲೆ ಕೊಂಡು, ಮಾಂಸವನ್ನು ಗಂಟೆಗಟ್ಟಲೆ ಹೊಗೆಯಲ್ಲಿಟ್ಟು ಬೇಯಿಸುವ ಅಮೆರಿಕದ ಕ್ರಮವನ್ನೂ ಕಲಿಯುತ್ತಿದ್ದಾರೆ. ಕೊಡಗಿನಲ್ಲಿ ಅಡುಗೆಮನೆಯ ಒಲೆಯ ಮೇಲೆ ಮಾಂಸ ತೂಗುಹಾಕಿ ಹೊಗೆಯಲ್ಲಿ ಒಣಗಿಸಿಡುವ ರೂಢಿ ಹಿಂದಿನಿಂದಲೂ ಇರುವುದರಿಂದ ಈ ರುಚಿ ನಮ್ಮ ಕಡೆಯವರಿಗೆ ಅಪರಿಚಿತವೂ ಅಲ್ಲ. ಈ ಹವ್ಯಾಸದ ಬಗ್ಗೆ ನನ್ನ ತಕರಾರಿಲ್ಲ; ನಮ್ಮ ಮನೆಯಲ್ಲೂ ಅದು ಇದೆ. ಆದರೆ ಮೂಟೆಗಟ್ಟಲೆ ಕೊಳ್ಳುವ ಇದ್ದಿಲು ಯಾವ ಮರದ್ದು, ಎಲ್ಲಿಂದ ಬಂದದ್ದು ಎಂಬುದನ್ನು ಕೇಳಿ ತಿಳಿದು ಕೊಳ್ಳುವವರು ಬಹಳ ಕಡಿಮೆ ಎಂಬುದೇ ನನ್ನ ಕಳವಳ.

ಮೊನ್ನೆ ಅಂಗಡಿಯೊಂದರಲ್ಲಿ ಈ ಪ್ರಶ್ನೆ ಕೇಳಿದಾಗ, 'ಕಾಡು ಮರದ್ದು ಸಾರ್, ಗಟ್ಟಿ ಮಾಲು, ತುಂಬ ಹೊತ್ತು ನಿಲ್ಲುತ್ತೆ' ಎಂಬ ಉತ್ತರ ಬಂತು. ಮಾರುವವರು ಅದನ್ನು ಸರಕಿನ ಹೆಚ್ಚುಗಾರಿಕೆಯೆಂದೇ ಹೇಳಿದರು, ಪಕ್ಕದಲ್ಲಿದ್ದ ಗಿರಾಕಿ ಹಾಗೆಂದೇ ಒಪ್ಪಿಕೊಂಡು ಎರಡು ಮೂಟೆ ಕಾರಿಗೆ ಹಾಕಿಸಿಕೊಂಡರು. ದಿಂಡಿಗ, ಮತ್ತಿಯಂಥ ಗಟ್ಟಿ ಮರಗಳ ಇದ್ದಿಲು ಒಳ್ಳೆಯ ಕೆಂಡ ಕೊಡುತ್ತದೆ ಎಂಬುದು ನಿಜ. ಆದರೆ ಮರವನ್ನು ಜೋಡಿಸಿ, ಮೇಲೆ ಸೊಪ್ಪು-ಹುಲ್ಲು ಮುಚ್ಚಿ, ಮಣ್ಣು ಮೆತ್ತಿ, ದಿನಗಟ್ಟಲೆ ಒಳಗೊಳಗೇ ಬೇಯಿಸುವ ನಮ್ಮ ಹಳೆಯ ಮಾದರಿಯ ಭಟ್ಟಿಯಲ್ಲಿ ಒಂದು ಕಿಲೊ ಇದ್ದಿಲಿಗೆ ಸುಮಾರು ಐದು ಕಿಲೊ ಕಟ್ಟಿಗೆ ಬೇಕಾಗುತ್ತದೆ. ಅಂದರೆ 25 ಕಿಲೊ ಮೂಟೆಯೊಂದರ ಹಿಂದೆ ನೂರಿಪ್ಪತ್ತೈದು ಕಿಲೊದಷ್ಟು ಮರ ಇರುತ್ತದೆ. ದಶಕಗಟ್ಟಲೆ ಬೆಳೆದ ಕಾಡುಮರ ವಾರಾಂತ್ಯದ ಕೋಳಿಗಾಗಿ ಉರಿಯುವುದನ್ನು ಯಾವ ಲೆಕ್ಕದಲ್ಲೂ ಸಮರ್ಥಿಸಲಾಗದು. ಕಾನೂನಿನ ಕಣ್ಣಿನಲ್ಲೂ ಇದು ಸಣ್ಣ ಸಂಗತಿಯಲ್ಲ. ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಇದ್ದಿಲು ಅರಣ್ಯ ಉತ್ಪನ್ನ. ಕಾಡಿನಿಂದಲೇ ಬಂದಿರಲಿ, ಬೇರೆಡೆಯಿಂದ ಬಂದಿರಲಿ, ಕಾಯ್ದೆ ಅದನ್ನು ಹಾಗೆಂದೇ ಎಣಿಸುತ್ತದೆ.

ಹಾಗಾದರೆ ಏನನ್ನು ಕೊಳ್ಳಬೇಕು? ನನ್ನ ಮಟ್ಟಿಗೆ ಮೊದಲ ಉತ್ತರ ಬಳ್ಳಾರಿ ಜಾಲಿ. ಬಳ್ಳಾರಿ, ಕೊಪ್ಪಳ, ರಾಯಚೂರು, ಚಿತ್ರದುರ್ಗದಿಂದ ಕೋಲಾರದವರೆಗೆ ಕೆರೆಯಂಗಳ, ಗೋಮಾಳ, ಬೀಳು ಹೊಲಗಳನ್ನೆಲ್ಲ ಆವರಿಸಿಕೊಂಡಿರುವ ಈ ಮುಳ್ಳುಮರ ನಮ್ಮ ನೆಲದ್ದಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಡೆಯದು, ಹತ್ತೊಂಬತ್ತನೆಯ ಶತಮಾನದಲ್ಲಿ ಉರುವಲಿಗೂ ಹಸಿರು ಹೊದಿಕೆಗೂ ಆಗುತ್ತದೆಂದು ತಂದು ಬಿತ್ತಿದ್ದು. ಅದರ ಇದ್ದಿಲು ಗಟ್ಟಿ, ಕಾವು ಜಾಸ್ತಿ. ತಮಿಳುನಾಡಿನ ರಾಮನಾಥಪುರ, ಶಿವಗಂಗಾ ಜಿಲ್ಲೆಗಳಲ್ಲಿ ಇದರ ಇದ್ದಿಲು ಸುಡುವುದೇ ಬಹಳ ಕುಟುಂಬಗಳ ಕಸುಬು. ಬಾರ್ಬೆಕ್ಯೂ ಪ್ರಿಯರು ಗಮನಿಸಬೇಕಾದ ಇನ್ನೊಂದು ಮಾತಿದೆ. ಅಮೆರಿಕದ ಟೆಕ್ಸಾಸ್ ಸೀಮೆಯಲ್ಲಿ ಮಾಂಸ ಸುಡಲು ಜನ ಹಣ ಕೊಟ್ಟು ಕೊಳ್ಳುವ, ಅದರ ಹೊಗೆಯ ಘಮಕ್ಕೆ ಹೆಸರಾದ ಮೆಸ್ಕೀಟ್ ಎಂಬ ಮರ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಬಂಧು. ಆಮದು ಮಾಡಿದ ಮೆಸ್ಕೀಟ್ ಚೂರುಗಳಿಗೆ ದುಬಾರಿ ಬೆಲೆ ತೆರುವವರು ಅದರ ದಾಯಾದಿ ನಮ್ಮ ಕೆರೆಯಂಗಳದಲ್ಲೇ ನಿಂತಿರುವುದನ್ನು ಮರೆಯಬಾರದು. ಆಫ್ರಿಕದ ನಮೀಬಿಯದಲ್ಲಿ ಹುಲ್ಲುಗಾವಲುಗಳನ್ನು ನುಂಗಿದ ಪೊದೆಗಳನ್ನು ಕಡಿದು ಇದ್ದಿಲು ಮಾಡಿ ಯುರೋಪಿನ ಬಾರ್ಬೆಕ್ಯೂ ಒಲೆಗಳಿಗೆ ಕಳಿಸುತ್ತಾರೆ. ಆ ದಾರಿ ನಮಗೂ ಇದೆ.

ಆದರೆ ಒಂದು ಎಚ್ಚರಿಕೆ ಬೇಕು. ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಬುಡದಿಂದ ಹತ್ತಾರು ಕವಲು ಚಿಗುರಿ ಮೊದಲಿಗಿಂತ ದಟ್ಟವಾಗುತ್ತದೆ. ಬೊಡ್ಡೆಯನ್ನೂ ಬೇರನ್ನೂ ಅಗೆದು ತೆಗೆದರೆ ಮಾತ್ರ ಕೆರೆಗೆ ಉಪಕಾರ. ಆದ್ದರಿಂದ ಕೆರೆ ಹೂಳೆತ್ತುವ ಕೆಲಸದೊಂದಿಗೇ ಬೊಡ್ಡೆ ತೆಗೆಸಿ, ಅದನ್ನು ಇದ್ದಿಲು ಮಾಡುವ ಅವಕಾಶವನ್ನು ಊರಿನ ಸ್ವಸಹಾಯ ಸಂಘಗಳಿಗೆ ಕೊಡುವುದು ಸೂಕ್ತ.

ಎರಡನೆಯದು ತೆಂಗಿನ ಚಿಪ್ಪಿನ ಇದ್ದಿಲು. ತಿಪಟೂರು, ಅರಸೀಕೆರೆ ಕಡೆ ಕೊಬ್ಬರಿ ಒಡೆದ ಮೇಲೆ ರಾಶಿರಾಶಿ ಚಿಪ್ಪು ಉಳಿಯುತ್ತದೆ. ಅದರ ಇದ್ದಿಲಿನಿಂದ ನೀರು ಶುದ್ಧಮಾಡುವ ಸಕ್ರಿಯ ಇಂಗಾಲ ತಯಾರಾಗುವುದರಿಂದ ಬೆಲೆ ತುಸು ಹೆಚ್ಚು. ಚೂರಾಗಿ ಸಿಗುವುದಕ್ಕಿಂತ ಪಿಷ್ಟ ಬೆರೆಸಿ ಒತ್ತಿದ ಗಟ್ಟಿಗಳು ಒಲೆಗೆ ಅನುಕೂಲ. ಅವು ಒಂದೇ ಗಾತ್ರದಲ್ಲಿರುವುದರಿಂದ ಕಾವು ಏರುಪೇರಾಗದೆ ಬಹಳ ಹೊತ್ತು ನಿಲ್ಲುತ್ತದೆ. ಆರೆಂಟು ಗಂಟೆ ಹೊಗೆಯಲ್ಲಿ ಬೇಯಿಸುವವರು ಒಲೆಯ ಅಂಚಿಗೆ, ತುದಿಗಳು ಕೂಡದ ಬಳೆಯಂತೆ ಗಟ್ಟಿಗಳನ್ನು ಜೋಡಿಸಿ ಒಂದು ತುದಿಗೆ ಮಾತ್ರ ಕೆಂಡ ಇಟ್ಟರೆ ಅದು ತಾನಾಗಿ ಒಂದೊಂದಕ್ಕೇ ಹತ್ತಿಕೊಳ್ಳುತ್ತ ಹೋಗುತ್ತದೆ, ಇದ್ದಿಲು ಅರ್ಧಕ್ಕರ್ಧ ಹಾಳಾಗುವುದು ತಪ್ಪುತ್ತದೆ. ಹೊಗೆಗೆ ಬೇಕಾದ ಘಮವನ್ನು ಇದ್ದಿಲಿನಿಂದ ನಿರೀಕ್ಷಿಸಬೇಕಿಲ್ಲ. ತೋಟದಲ್ಲಿ ಕಿತ್ತ ಹಳೆಯ ಕಾಫಿ ಗಿಡದ ಬೊಡ್ಡೆ, ಸೀಬೆ ಅಥವಾ ಮಾವಿನ ಒಣಗಿದ ಕೊಂಬೆಯ ಎರಡು ತುಂಡು ಮೇಲಿಟ್ಟರೆ ಸಾಕು. ಅಡುಗೆ ಮುಗಿದೊಡನೆ ಗಾಳಿಕಿಂಡಿಗಳನ್ನೆಲ್ಲ ಮುಚ್ಚಿದರೆ ಕೆಂಡ ನಂದಿ, ಉಳಿದದ್ದು ಮುಂದಿನ ಸಲಕ್ಕೆ ಬರುತ್ತದೆ. ಹೀಗೆ ಬಳಸುವವರಿಗೆ ಮಳೆಗಾಲಕ್ಕೆಂದು ಹತ್ತು ಮೂಟೆ ಪೇರಿಸುವ ಅಗತ್ಯವೇ ಇರುವುದಿಲ್ಲ.

ಕೊಳ್ಳುವಾಗ ಮೂಟೆಯ ಬಾಯಿ ಬಿಚ್ಚಿಸಿ ಒಳಗೆ ಕೈ ಹಾಕಿ ನೋಡಬೇಕು. ಎರಡು ತುಂಡನ್ನು ಒಂದಕ್ಕೊಂದು ತಟ್ಟಿದರೆ ಕಂಚಿನಂಥ ನಾದ ಬರಬೇಕು. ದಪ್ ಎಂದರೆ ಒಳಗೆ ಬೆಂದಿಲ್ಲ ಅಥವಾ ನೀರು ಕುಡಿದಿದೆ ಎಂದರ್ಥ. ಮುರಿದಾಗ ಒಳಗೆ ಕಂದುಬಣ್ಣ ಕಂಡರೆ ಅದು ಅರೆಸುಟ್ಟ ಕಟ್ಟಿಗೆ, ಹೊಗೆ ಕಾರಿ ಮಾಂಸಕ್ಕೆ ಕಹಿ ಹಿಡಿಸುತ್ತದೆ. ತೂಕಕ್ಕೆಂದು ನೀರು ಚಿಮುಕಿಸಿದ ಮೂಟೆ ನನಗೂ ಸಿಕ್ಕಿದ್ದುಂಟು. ತಂದದ್ದನ್ನು ಮುಚ್ಚಳದ ಡ್ರಮ್ಮಿನಲ್ಲಿ ತುಂಬಿ, ಮನೆಯಿಂದ ದೂರದ ಕೊಟ್ಟಿಗೆಯಲ್ಲಿ ಹಲಗೆಯ ಮೇಲಿಡುವುದು ಕ್ಷೇಮ. ಜುಲೈ ತಿಂಗಳ ಮಲೆನಾಡಿನ ತೇವಕ್ಕೆ ಗೋಣಿಚೀಲ ಯಾವ ತಡೆಯೂ ಅಲ್ಲ. ಭಟ್ಟಿಯಿಂದ ಆಗಷ್ಟೇ ತೆಗೆದ ಇದ್ದಿಲು ಗಾಳಿಯ ಆಮ್ಲಜನಕ ಹೀರಿ ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹಡಗು ಸಾಗಣೆಯ ನಿಯಮಗಳು ಇದ್ದಿಲನ್ನು ತಾನಾಗಿ ಹೊತ್ತಿಕೊಳ್ಳಬಹುದಾದ ಸರಕೆಂದು ಪರಿಗಣಿಸುವುದು ಇದೇ ಕಾರಣಕ್ಕೆ. ನೇರವಾಗಿ ಭಟ್ಟಿಯಿಂದ ತರುವವರು ಕೆಲವು ದಿನ ಬಯಲಲ್ಲಿ ಆರಿಸಿದ ಮಾಲನ್ನೇ ಕೇಳಿ ಪಡೆಯಬೇಕು.

ಮಳೆ, ಚಳಿ ಎಂದು ಒಲೆಯನ್ನು ಕೋಣೆಯೊಳಕ್ಕೋ ಗ್ಯಾರೇಜಿಗೋ ತರುವುದಂತೂ ಪ್ರಾಣಕ್ಕೇ ಅಪಾಯ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳದೆಯೇ ಹೋಗಬಹುದು. ಹೋಂಸ್ಟೇ ನಡೆಸುವವರು ಅತಿಥಿಗಳಿಗೆ ಇದನ್ನು ಬಾಯಿಬಿಟ್ಟು ಹೇಳಲೇಬೇಕು.

ಮೂಟೆಯ ಹಿಂದಿನ ದುಡಿಮೆಯೂ ನಮ್ಮ ಗಮನದಲ್ಲಿರಬೇಕು. ಮಹಾರಾಷ್ಟ್ರದ ರಾಯಗಡ ಕಡೆಯ ಕಾತಕರಿ ಬುಡಕಟ್ಟಿನವರಂಥ ಬಡ ಕುಟುಂಬಗಳು ಮುಂಗಡ ಪಡೆದು, ಮಕ್ಕಳನ್ನೂ ಕರೆದುಕೊಂಡು ಇದ್ದಿಲು ಭಟ್ಟಿಗಳಿಗೆ ವಲಸೆ ಹೋಗುತ್ತವೆ. ಮುಂಗಡ ತೀರುವವರೆಗೆ ಬಿಟ್ಟು ಹೋಗದಂತೆ ಅವರನ್ನು ಕಟ್ಟಿಹಾಕುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ತೀರ ಅಗ್ಗದ ಇದ್ದಿಲನ್ನು ಕಂಡಾಗ, ಅದು ಅಷ್ಟು ಅಗ್ಗವಾದದ್ದು ಯಾರ ಬೆವರಿನಿಂದ ಎಂದು ವಿಚಾರಿಸುವುದು ಕೊಳ್ಳುವವರ ಹೊಣೆಯೂ ಹೌದು.

ಮಾರಾಟಗಾರರು ಮೂಟೆಯ ಮೇಲೆ ತೂಕ, ಬೆಲೆಗಳ ಜೊತೆಗೆ ಮರದ ಹೆಸರನ್ನೂ ಸುಟ್ಟ ತಾಲ್ಲೂಕನ್ನೂ ಬರೆಯುವಂತೆ ಅರಣ್ಯ ಇಲಾಖೆ ಆದೇಶಿಸಲಿ. ಹೋಂಸ್ಟೇ ಮಾಲೀಕರ ಸಂಘಗಳು ಈ ಮುಂಗಾರಿಗೆ ಮುಂಚೆಯೇ ಒಟ್ಟಾಗಿ ಜಾಲಿಯ ಮತ್ತು ಚಿಪ್ಪಿನ ಇದ್ದಿಲನ್ನು ಮಾತ್ರ ತರಿಸಿಕೊಳ್ಳುವ ತೀರ್ಮಾನ ಮಾಡಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

- ಒಬ್ಬ ಕಾಫಿ ಬೆಳೆಗಾರ, ಸಕಲೇಶಪುರ ತಾಲ್ಲೂಕು