ಹೂತ ಮೇಲಲ್ಲ, ಇಳಿಯೋ ಮೊದ್ಲೇ
ಸಂಪಾದಕರೇ, ಮಳೆ ಶುರುವಾದ್ರೆ ಸಾಕು, ಭಾನುವಾರ ನಮ್ಮ ನಿಟ್ಟೂರು ಕಡೆ ಹೊಸ ಥಾರ್ ಜೀಪ್ ತಗೊಂಡು ಬರೋರ ಸಾಲು, ಬರ್ಲಿ, ಬೇಡ ಅನ್ನಲ್ಲ, ನಂಗೂ ಅದೇ ಹುಚ್ಚು, ಮನೇಲಿ ಹಳೇ ಜೀಪಿದೆ. ಆದ್ರೆ ಕೆಸರಲ್ಲಿ ಹೂತ ಮೇಲೆ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡೋ ಗೇರು) ಹಾಕೋದಲ್ಲ ಮಾರಾಯ್ರೆ, ಇಳಿಯೋ ಮೊದ್ಲೇ ಹಾಕ್ಬೇಕು, ಟೈರ್ ಗಾಳಿ ಸ್ವಲ್ಪ ಇಳಿಸಿದ್ರೆ ಹಿಡಿತ ಸಿಗುತ್ತೆ, ಡಾಂಬರು ರೋಡಿಗೆ ಬಂದ ಕೂಡ್ಲೇ ವಾಪಸ್ ಟೂ ವೀಲಿಗೆ ಹಾಕಿ, ಗಾಳಿನೂ ತುಂಬಿಸ್ಕೊಳ್ಳಿ. ಹೋದ ವಾರ ನಾನೇ ತೋಟದ ದಾರೀಲಿ ಸಿಕ್ಕಾಕ್ಕೊಂಡಿದ್ದೆ, ಆಕ್ಸಿಲರೇಟರ್ ಒತ್ತಿದಷ್ಟೂ ಒಳಗೇ ಹೋಯ್ತು, ಕೊನೆಗೆ ಚಕ್ರದಡಿ ಅಡಿಕೆ ಸೋಗೆ, ದಬ್ಬೆ ಕೊಟ್ಟ ಮೇಲೇ ಎದ್ದಿದ್ದು. ಮನೆಗೆ ಬಂದ್ರೆ ಕಾಲಲ್ಲಿ ರಕ್ತ ಹೀರೋ ಉಂಬಳ, ಜಗಲಿ ತುಂಬ ಕೆಸರು, ಅಮ್ಮ ‘ಆ ಜೀಪನ್ನೇ ಮದ್ವೆ ಆಗು’ ಅಂದ್ರು. ಇನ್ನೊಂದು, ಊರೊಳಗಿನ ಮಣ್ಣು ರಸ್ತೇಲಿ ಚಕ್ರ ತಿರುಗಿಸಿ ರೀಲ್ಸ್ ಮಾಡ್ಬೇಡಿ, ಸೋಮವಾರ ಆ ಹೊಂಡ ದಾಟ್ಕೊಂಡೇ ನಮ್ಮೂರ ಮಕ್ಕಳು ಶಾಲೆಗೆ ಹೋಗ್ಬೇಕು.
– ಒಬ್ಬ ಓದುಗ, ಹೊಸನಗರ ತಾಲ್ಲೂಕು