ಹಳೇ ಫೋಟೋದ ಹಿಂದೆ ಹೆಸರು ಬರೆದಿಡಿ

ಮಾನ್ಯ ಸಂಪಾದಕರೇ,

ನಿವೃತ್ತಿಯಾದ ಮೇಲೆ ಹೈಸ್ಕೂಲ್ ಗೆಳೆಯರನ್ನು ಹುಡುಕಿ ವಾಟ್ಸಾಪ್ ಗುಂಪು ಮಾಡಿಕೊಂಡವರು ಈಗ ಬಹಳ ಜನ. ನಾವೂ ಮಾಡಿಕೊಂಡೆವು. ಮೊದಮೊದಲು ಎಷ್ಟು ಸಡಗರ! ಆಮೇಲೆ ಬರೀ ಶುಭೋದಯದ ಚಿತ್ರಗಳು, ಎಲ್ಲಿಂದಲೋ ಬಂದ ಆರೋಗ್ಯ ಸಲಹೆಗಳು. ಗೆಳೆಯರ ಸುದ್ದಿ ಮಾತ್ರ ಇಲ್ಲ.

ಗುಂಪಿಗೆ ಮತ್ತೆ ಜೀವ ಬಂದಿದ್ದು ಒಂದು ಕಪ್ಪು ಬಿಳುಪು ಫೋಟೋದಿಂದ. ಹತ್ತನೇ ತರಗತಿಯ ಕೊನೆಗೆ ತೆಗೆಸಿದ್ದು. ಹಿಂದಿನ ಸಾಲಿನ ತುದಿಯಲ್ಲಿ ಒಬ್ಬ ಹುಡುಗ, ಪಕ್ಕದವನ ಭುಜದ ಮರೆಯಲ್ಲಿ ಅರ್ಧ ಮುಖ. ಎಲ್ಲರಿಗೂ ಅವನ ಗುರುತಿದೆ, ಹೆಸರು ಮಾತ್ರ ಯಾರ ಬಾಯಿಗೂ ಬರುತ್ತಿಲ್ಲ. ಒಬ್ಬರು ಅವನು ಕೂರುತ್ತಿದ್ದ ಬೆಂಚು ನೆನಪಿಸಿದರು. ಇನ್ನೊಬ್ಬರು ಅವನ ದುಂಡನೆಯ ಅಕ್ಷರದ ಮಾತು ತೆಗೆದರು. 'ಹಾಜರಿ ಕೂಗುವಾಗ ನನ್ನ ಹಿಂದೆಯೇ ಬರುತ್ತಿದ್ದ' ಎಂದು ಮತ್ತೊಬ್ಬಳು ಬರೆದದ್ದೇ ತಡ, ಹೆಸರು ಸಿಕ್ಕಿತು. ಆಮೇಲೆ ಫೋನ್ ನಂಬರೂ ಸಿಕ್ಕಿತು.

ನಾನೇ ಮಾತನಾಡಿದೆ. ಹೆಂಡತಿ ತೀರಿಕೊಂಡಿದ್ದಾರೆ, ಅವನೊಬ್ಬನೇ ಇದ್ದಾನೆ. ಗುಂಪಿನ ಬಗ್ಗೆ ಅವನಿಗೆ ಮೊದಲೇ ಗೊತ್ತಿತ್ತಂತೆ. 'ಹೇಳಿಕೊಳ್ಳುವಂಥದ್ದು ನನ್ನ ಹತ್ತಿರ ಏನಿದೆ ಅಂತ ಸುಮ್ನಿದ್ದೆ' ಅಂದ. ಈ ಮಾತು ನನ್ನನ್ನು ಬಹಳ ಕಾಡಿತು. ಬಡ್ತಿ, ಮಕ್ಕಳ ಕೆಲಸ, ಮನೆ ಕಟ್ಟಿದ್ದು, ಇಷ್ಟನ್ನೇ ಸುದ್ದಿ ಅಂದುಕೊಂಡರೆ ಇಂಥವರು ದೂರವೇ ಉಳಿಯುತ್ತಾರೆ, ಅಲ್ವಾ? ಮಂಡಿ ನೋವು, ಒಂಟಿತನ, ಹೊಸದಾಗಿ ಕಲಿತ ಹಾಡು, ಇವೂ ಸುದ್ದಿಯೇ. ಟೈಪ್ ಮಾಡಲು ಕಷ್ಟವಾದರೆ ಧ್ವನಿ ಸಂದೇಶ ಕಳಿಸಬಹುದು. ಅಷ್ಟು ವರ್ಷಗಳ ನಂತರ ಗೆಳೆಯರ ದನಿ ಕೇಳುವುದೇ ಒಂದು ಖುಷಿ.

ಹೆಸರು ಮರೆಯುವುದಕ್ಕೆ ಯಾರೂ ಸಂಕೋಚಪಡಬೇಕಿಲ್ಲ. ಹೈಸ್ಕೂಲ್ ಮುಗಿಸಿದ್ದ 392 ಜನರನ್ನು ಪರೀಕ್ಷಿಸಿ, ಅಮೆರಿಕದ ಮನಃಶಾಸ್ತ್ರಜ್ಞ ಹ್ಯಾರಿ ಬಾರಿಕ್ ಮತ್ತು ಸಂಗಡಿಗರು 1975ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶಾಲೆ ಬಿಟ್ಟು ಮೂವತ್ತಕ್ಕೂ ಹೆಚ್ಚು ವರ್ಷ ಕಳೆದವರೂ ಸಹಪಾಠಿಗಳ ಮುಖಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತನ್ನು ಗುರುತು ಹಿಡಿದಿದ್ದರು. ಫೋಟೋ ತೋರಿಸದೆ ಹೆಸರು ಹೇಳಿ ಅಂದಾಗ ನೆನಪಾದದ್ದು ಬಹಳ ಕಡಿಮೆ. ಒಬ್ಬರಿಗೇ ನೆನಪಾಗದ್ದು ನಾಲ್ಕು ಜನ ಸೇರಿದರೆ ಹೊರಗೆ ಬರುತ್ತದೆ. ನಮ್ಮ ಗುಂಪಿನಲ್ಲಿ ಆದದ್ದೂ ಅದೇ.

ಹಾಗಾಗಿ ನನ್ನ ವಯಸ್ಸಿನ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ತರಗತಿಯ ಫೋಟೋ ಹೊರಗೆ ತೆಗೆಯಿರಿ, ಗೆಳೆಯರಿಗೆ ಕಳಿಸಿ. ಸಾಲು ಸಾಲಾಗಿ, ಎಡದಿಂದ ಬಲಕ್ಕೆ ಹೆಸರು ಕೂಡಿಸಿ. ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲ್‌ನಲ್ಲಿ, ಒತ್ತದೆ ಬರೆಯಿರಿ. ಬಾಲ್ ಪೆನ್ ಆದರೆ ಅಚ್ಚು ಮುಂದೆ ಮೂಡುತ್ತದೆ. ನಾಳೆ ಮಾಡೋಣ ಅನ್ನಬೇಡಿ. ಹೆಸರು ಹೇಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಇನ್ನೊಂದು ಮಾತು. ಎಂಟು, ಒಂಬತ್ತರಲ್ಲೇ ಶಾಲೆ ಬಿಟ್ಟವರು ಆ ಫೋಟೋದಲ್ಲಿ ಇರುವುದಿಲ್ಲ. ಅವರೂ ನಮ್ಮ ಜೊತೆ ಕೂತು ಓದಿದವರೇ. ಅವರ ಹೆಸರನ್ನೂ ಕೆಳಗೆ ಸೇರಿಸಿ, ದಯವಿಟ್ಟು ಅವರಿಗೂ ಒಂದು ಫೋನ್ ಮಾಡಿ.

ಇತಿ,
ಒಬ್ಬ ನಿವೃತ್ತ ಗ್ರಂಥಪಾಲಕಿ